ಮೊರಾಕ್ಕೊ (1930): ಬಿಟ್ಟಿ ಕಾಪಿ, ಯೂರೋಪಿನ ಡಿವಿಡಿ, ಅಮೆರಿಕದ ಬ್ಲೂರೇ, ಮೂರೂ ನೋಡಿದ ಮೇಲೆ

ಮೊದಲೇ ಹೇಳ್ಬಿಡ್ತೀನಿ, ನನ್ನ ಓಟು ಬ್ಲೂರೇ ಬಾಕ್ಸಿಗೆ (ಬ್ಲೂರೇ ಅಂದ್ರೆ ಡಿವಿಡಿ ಥರದ್ದೇ ಡಿಸ್ಕು, ಚಿತ್ರ ಇನ್ನೂ ಸ್ಪಷ್ಟ). ಮೂರರಲ್ಲಿ ದುಡ್ಡು ಜಾಸ್ತಿ ಹೋಗಿದ್ದು ಅದಕ್ಕೇ, ಕಾಟ ಜಾಸ್ತಿ ಕೊಟ್ಟಿದ್ದೂ ಅದೇ, ಮನೆಗೆ ಬಂದ ಮೇಲೂ ಎರಡೂವರೆ ತಿಂಗಳು ಅದನ್ನ ನೋಡೋಕೇ ಆಗ್ಲಿಲ್ಲ (ಆ ಕಥೆ ಮುಂದೆ ಬರುತ್ತೆ, ಸ್ವಲ್ಪ ಉದ್ದ ಇದೆ). ಆದ್ರೂ ಇವತ್ತು ಯಾರಾದ್ರೂ ಮೊರಾಕ್ಕೊ ಸಿನಿಮಾನ ಯಾವುದರಲ್ಲಿ ನೋಡ್ಲಿ ಅಂತ ಕೇಳಿದ್ರೆ ನಾನು ಮನೆಗೆ ಕರೆದು ತೋರ್ಸೋದು ಅದನ್ನೇ. ಉಳಿದೆರಡರಲ್ಲಿ ನಾನು ಏನೇನು ಕಳ್ಕೊಂಡಿದ್ದೆ ಅಂತ ಗೊತ್ತಾಗಿದ್ದು ಇದನ್ನ ನೋಡಿದ ಮೇಲೆ.

ಸಿನಿಮಾ ಗೊತ್ತಿಲ್ಲದೋರಿಗೆ ಎರಡು ಮಾತು. ಪ್ಯಾರಮೌಂಟ್‌ದು, ಡೈರೆಕ್ಟರ್ ಜೋಸೆಫ್ ಫಾನ್ ಸ್ಟರ್ನ್‌ಬರ್ಗ್. ಕಥೆ ನಡೆಯೋದು ಮೊರಾಕ್ಕೊ ದೇಶದ ಮೊಗಾಡೋರ್ ಅನ್ನೋ ಸಮುದ್ರ ತೀರದ ಊರಲ್ಲಿ, ಈಗ ಅದರ ಹೆಸರು ಎಸ್ಸವೀರಾ. ಶೂಟಿಂಗ್ ಮಾಡಿದ್ದು ಮಾತ್ರ ಕ್ಯಾಲಿಫೋರ್ನಿಯಾದಲ್ಲಿ. ಆ ಊರಿಗೆ ಮಂಜು ಮುಸುಕಿದ ರಾತ್ರಿ ಹಡಗಲ್ಲಿ ಬರ್ತಾಳೆ ಕ್ಯಾಬರೆ ಹಾಡುಗಾರ್ತಿ ಏಮಿ ಜಾಲಿ, ಅಂದ್ರೆ ಮಾರ್ಲೀನ್ ಡೀಟ್ರಿಕ್. ಅವಳ ಮನಸ್ಸು ಹೋಗೋದು ಫ್ರೆಂಚ್ ಫಾರಿನ್ ಲೀಜನ್ನಿನ (ಬೇರೆ ದೇಶದೋರೂ ಸೇರೋ ಫ್ರೆಂಚ್ ಸೇನೆಯ ಪಡೆ) ಸಾಮಾನ್ಯ ಸಿಪಾಯಿ ಟಾಮ್ ಬ್ರೌನ್ ಕಡೆಗೆ, ಅದು ಗ್ಯಾರಿ ಕೂಪರ್. ಅವಳನ್ನ ಕೈಹಿಡಿಯೋಕೆ ಕಾಯ್ತಾ ಇರೋ ಶ್ರೀಮಂತ ಲಾ ಬೆಸಿಯೇರ್ ಪಾತ್ರ ಅಡಾಲ್ಫ್ ಮೆಂಜೂದು. ಕಥೆ ಅಂದ್ರೆ ಇಷ್ಟೇ, ಆಮೇಲೆ ಆಗೋದೆಲ್ಲ ಕಣ್ಣಲ್ಲಿ, ನೆರಳಲ್ಲಿ, ಯಾರೂ ಮಾತಾಡದೆ ಇರೋ ಹೊತ್ತಲ್ಲಿ. ನಾಲ್ಕು ಆಸ್ಕರ್ ನಾಮಿನೇಷನ್ ಬಂತು, ಒಂದೂ ಗೆಲ್ಲಲಿಲ್ಲ, ಮತ್ತೆ ಡೀಟ್ರಿಕ್‌ಗೆ ಇಡೀ ಜೀವನದಲ್ಲಿ ಬಂದ ಒಂದೇ ಒಂದು ನಾಮಿನೇಷನ್ ಇದೇ ಸಿನಿಮಾಕ್ಕೆ.

ಯಾವ ಕಾಪೀಲಿ ನೋಡಿದ್ರೆ ಏನು, ಕಥೆ ಒಂದೇ ಅಲ್ವಾ ಅಂತ ನನ್ನ ತಮ್ಮ ಕೇಳಿದ್ದ. ಬೇರೆ ಎಷ್ಟೋ ಸಿನಿಮಾಗೆ ಆ ಮಾತು ಸರಿ, ಇದಕ್ಕಲ್ಲ. ಕ್ಯಾಮೆರಾ ಹಿಡಿದ ಲೀ ಗಾರ್ಮ್ಸ್ ಡೀಟ್ರಿಕ್ ಮುಖಕ್ಕೆ ಲೈಟನ್ನ ಮೇಲಿಂದ ಬಿಟ್ಟಿದ್ದಾನೆ, ಮೂಗಿನ ಕೆಳಗೆ ಚಿಟ್ಟೆ ಥರ ಒಂದು ಸಣ್ಣ ನೆರಳು ಬೀಳುತ್ತೆ, ಕೆನ್ನೆ ಒಳಕ್ಕೆ ಹೋದ ಹಾಗೆ ಕಾಣುತ್ತೆ, ಕಣ್ಣಿನ ರೆಪ್ಪೆ ನೆರಳು ಕೂಡ ಎಣಿಸಬಹುದು. ಬೀದಿ ಮೇಲೆ ಹಾಸಿದ ಪಟ್ಟಿಗಳ ಸಂದಿಯಿಂದ ಬಿಸಿಲು ಗೆರೆಗೆರೆಯಾಗಿ ಬೀಳುತ್ತೆ, ಸಿಪಾಯಿಗಳು ಆ ಗೆರೆಗಳ ಒಳಗೆ ನಡ್ಕೊಂಡು ಹೋಗ್ತಾರೆ. ಕ್ಯಾಬರೆ ತುಂಬಾ ಸಿಗರೇಟ್ ಹೊಗೆ, ಬೀಸಣಿಗೆ ಅಲ್ಲಾಡಿಸೋ ಜನ. ಇನ್ನು ಶಬ್ದ: ಆ ಕಾಲದ ಬಹಳ ಸಿನಿಮಾ ಥರ ಇದರಲ್ಲೂ ಸೀನಿನ ಹಿಂದೆ ತುಂಬಿಸೋ ಮ್ಯೂಸಿಕ್ಕೇ ಇಲ್ಲ ಅನ್ಬಹುದು. ಹಾಡಿದ್ರೆ ಕ್ಯಾಬರೆಲಿ ಹಾಡ್ತಾರೆ, ತಮಟೆ ಬಡಿದ್ರೆ ಲೀಜನ್ ಬರ್ತಾ ಇದೆ ಅಂತ ಅರ್ಥ. ಅಂದ್ರೆ ಬೆಳಕು ಕೆಟ್ರೆ ಅರ್ಧ ಸಿನಿಮಾ ಹೋಯ್ತು, ಶಬ್ದ ಕೆಟ್ರೆ ಇನ್ನರ್ಧ.

ಈಗ ಬಿಟ್ಟಿ ಕಾಪಿ. 2020ರ ಲಾಕ್‌ಡೌನಲ್ಲಿ ನಾನೂ ಅಮ್ಮನೂ ಇದನ್ನ ಮೊದಲು ನೋಡಿದ್ದು ಇಂಟರ್ನೆಟ್ಟಲ್ಲಿ ಯಾರೋ ಹಾಕಿದ್ದ ಕಾಪೀಲೇ, ಹಾಗಾಗಿ ಅದಕ್ಕೆ ನನ್ನ ಋಣ ಇದೆ, ಬೈಯೋದಿಲ್ಲ. ತಪ್ಪು ಮಾಡಿದ ಹಾಗೂ ಅಲ್ಲ: ನಮ್ಮ ದೇಶದಲ್ಲಿ ಸಿನಿಮಾದ ಕಾಪಿರೈಟ್ 60 ವರ್ಷ, ಇದರದ್ದು ಯಾವತ್ತೋ ಮುಗಿದಿದೆ, ಅಮೆರಿಕದಲ್ಲೂ 95 ವರ್ಷ ತುಂಬಿ 2026ರ ಜನವರಿ 1ಕ್ಕೆ ಮುಗೀತು. ಇನ್ನು ಮೇಲೆ ಕಾಪಿಗಳು ಜಾಸ್ತಿ ಆಗ್ತವೆ, ಒಳ್ಳೇದೂ ಬರಬಹುದು. ಆದ್ರೆ ನಂಗೆ ಸಿಕ್ಕ ಮೊದಲನೇ ಕಾಪೀಲಿ ಚಿತ್ರಾನ ಅಗಲದ ಟಿವಿ ತುಂಬೋ ಹಾಗೆ ಎಳೆದು ಹಾಕಿದ್ರು. ಮೂಲದಲ್ಲಿ ಈ ಸಿನಿಮಾದ ಫ್ರೇಮು ಹೆಚ್ಚೂಕಮ್ಮಿ ಚೌಕ. ಎಳೆದ್ರೆ ಏನಾಗುತ್ತೆ, ಡೀಟ್ರಿಕ್ ಮುಖ ಅಗಲ ಆಗುತ್ತೆ, ಅಷ್ಟು ಕಷ್ಟಪಟ್ಟು ಲೈಟ್ ಹಾಕಿ ಕಡೆದ ಆ ಕೆನ್ನೆ ಇಡ್ಲಿ ಥರ ಉಬ್ಬುತ್ತೆ. ಗ್ಯಾರಿ ಕೂಪರ್ ಅಷ್ಟೆತ್ತರದ ಮನುಷ್ಯ, ಕುಳ್ಳ ಕಾಣ್ತಾನೆ. ರಿಮೋಟಲ್ಲಿ ಸರಿ ಮಾಡ್ಕೊಳೋಣ ಅಂದ್ರೆ ಒಳಗೇ ಎಳೆದಿರೋದನ್ನ ನಮ್ಮ ಟಿವಿ ವಾಪಸ್ ಕುಗ್ಗಿಸಲ್ಲ.

ಎರಡನೇ ಕಾಪಿ ಹುಡುಕಿದೆ, ಅದರಲ್ಲಿ ಆಕಾರ ಸರಿ ಇತ್ತು, ಹೊಗೆ ಇರೋ ಸೀನೆಲ್ಲ ಮಾತ್ರ ಚೌಕ ಚೌಕ ತುಂಡಾಗಿ ಒಡೀತಿತ್ತು. ಅದನ್ನೂ ತಡ್ಕೋಬಹುದಿತ್ತು. ತಡ್ಕೊಳೋಕೆ ಆಗದೆ ಇದ್ದಿದ್ದು ಕೊನೇ ಸೀನು.

ಕೊನೇ ಸೀನ್ ಹೇಳಿದ್ರೆ ಕಥೆ ಬಿಟ್ಟುಕೊಟ್ಟ ಹಾಗಾಗುತ್ತೆ, ನೋಡದೆ ಇರೋರು ಈ ಪ್ಯಾರಾ ದಾಟಿ ಮುಂದೆ ಹೋಗಿ. ಲೀಜನ್ ಮರಳುಗಾಡಿನ ಕಡೆ ಹೊರಡುತ್ತೆ. ಊರ ಬಾಗಿಲ ಕಮಾನಿನ ಹತ್ರ ಏಮಿ ನಿಂತಿದಾಳೆ. ಸಿಪಾಯಿಗಳ ಹಿಂದೆ ಅವರನ್ನ ನಂಬ್ಕೊಂಡ ನಾಲ್ಕಾರು ಹೆಂಗಸರು ಗಂಟುಮೂಟೆ, ಮೇಕೆ ಕಟ್ಕೊಂಡು ಹೋಗ್ತಾ ಇದಾರೆ. ಇವಳು ಸ್ವಲ್ಪ ಹೊತ್ತು ನೋಡ್ತಾಳೆ, ಆಮೇಲೆ ನಡೆಯೋಕೆ ಶುರು ಮಾಡ್ತಾಳೆ, ಹೀಲ್ಡ್ ಚಪ್ಪಲಿ ಮರಳಲ್ಲಿ ಹೂತ್ಕೊಳ್ಳುತ್ತೆ, ಅದನ್ನ ಅಲ್ಲೇ ಬಿಟ್ಟು ಬರಿಗಾಲಲ್ಲಿ ಓಡ್ತಾಳೆ. ತಮಟೆ ಶಬ್ದ ದೂರ ದೂರ ಆಗಿ ಕೊನೆಗೆ ಉಳಿಯೋದು ಗಾಳಿ ಶಬ್ದ ಮಾತ್ರ. ಮ್ಯೂಸಿಕ್ ಇಲ್ಲ. ಬರೀ ಗಾಳಿ. ನಾನು ನೋಡಿದ ಬಿಟ್ಟಿ ಕಾಪೀಲಿ ಆ ಗಾಳೀನೇ ಇರ್ಲಿಲ್ಲ! ಹಳೇ ಸೌಂಡ್ ಟ್ರ್ಯಾಕಲ್ಲಿ ಒಂದು ಸುಯ್ ಅನ್ನೋ ಶಬ್ದ ಇರುತ್ತೆ ನೋಡಿ, ಅದನ್ನ ತೆಗೆಯೋಕೆ ಸಾಫ್ಟ್‌ವೇರ್ ಹಾಕಿದ್ದಾರೆ ಅನ್ಸುತ್ತೆ, ಆ ಸಾಫ್ಟ್‌ವೇರಿಗೆ ಗಾಳಿಗೂ ಕೊಳೆಗೂ ವ್ಯತ್ಯಾಸ ಗೊತ್ತಾಗಿಲ್ಲ, ಎರಡನ್ನೂ ಗುಡಿಸಿ ಹಾಕಿದೆ. ಅವಳು ಓಡ್ತಾಳೆ, ಟಿವಿ ಮ್ಯೂಟ್ ಆದ ಹಾಗೆ ಎಲ್ಲ ನಿಂತ್ಹೋಗುತ್ತೆ. ನಾನು ಆವಾಗ ಅದನ್ನ ಡೈರೆಕ್ಟರ್ ಬೇಕಂತಲೇ ಇಟ್ಟ ಮೌನ ಅಂದ್ಕೊಂಡು ಒಂದು ವರ್ಷ ಎಲ್ಲರ ಹತ್ರ ಹಾಗೇ ಹೇಳ್ಕೊಂಡು ಓಡಾಡಿದೀನಿ, ಅದು ನೆನೆಸಿಕೊಂಡ್ರೆ ಈಗ್ಲೂ ಬೇಜಾರಾಗುತ್ತೆ.

ಸಬ್‌ಟೈಟಲ್ ಬಗ್ಗೆ ಒಂದು ಮಾತು. ಅಮ್ಮ ಇಂಗ್ಲಿಷ್ ಓದ್ತಾರೆ, ಅಮೆರಿಕದೋರ ಉಚ್ಚಾರಣೆ ಕಿವಿಗೆ ಹಿಡಿಯಲ್ಲ, ಅದಕ್ಕೆ ನಮ್ಮನೇಲಿ ಸಬ್‌ಟೈಟಲ್ ಇಲ್ಲದೆ ಯಾವುದೂ ಓಡಲ್ಲ. ಬಿಟ್ಟಿ ಕಾಪೀಲಿ ಕಂಪ್ಯೂಟರೇ ಕೇಳಿಸ್ಕೊಂಡು ಬರ್ಕೊಳೋ ಸಬ್‌ಟೈಟಲ್ಲು, ಡೀಟ್ರಿಕ್ ಹಾಡೋ ಫ್ರೆಂಚ್ ಹಾಡನ್ನ ಇಂಗ್ಲಿಷ್ ಅಂದ್ಕೊಂಡು ಅರ್ಥ ಇಲ್ಲದ ಏನೇನೋ ಬರೀತಿತ್ತು. ಇದೇ ಸಿನಿಮಾ 1931ರಲ್ಲಿ ಜಪಾನಲ್ಲಿ ಜಪಾನಿ ಸಬ್‌ಟೈಟಲ್ ಜೊತೆ ತೋರಿಸಿದ ಮೊದಲನೇ ಟಾಕಿ ಅಂತ ಹೆಸರು ಮಾಡಿದ್ದು, ಅಷ್ಟು ಹಿಂದೆ ಯಾರೋ ಕೂತು ಒಂದೊಂದು ಸಾಲನ್ನೂ ಯೋಚ್ನೆ ಮಾಡಿ ಬರೆದಿದ್ರಲ್ಲ ಅಂತ ಆವಾಗ ಅನ್ನಿಸ್ತು.

ಮುಂದೆ ಯೂರೋಪಿನ ಡಿವಿಡಿ. ಬೆಂಗಳೂರಿಗೆ ಆಫೀಸ್ ಟ್ರೈನಿಂಗಿಗೆ ಹೋಗಿದ್ದಾಗ ಒಂದು ಹಳೇ ಪುಸ್ತಕದ ಅಂಗಡೀಲಿ ಸಿಕ್ತು, 350 ರೂಪಾಯಿ, ಕೈ ನಡುಗುತ್ತಾ ತಗೊಂಡೆ. ಮೈಸೂರಿಗೆ ಬಂದು ಅವತ್ತು ರಾತ್ರೀನೇ ಹಾಕಿದ್ವಿ. ಚಿತ್ರ ಬಿಟ್ಟಿ ಕಾಪಿಗಿಂತ ಎಷ್ಟೋ ಮೇಲು. ಗಾಳಿ ಶಬ್ದ ಇತ್ತು, ಮೊದಲನೇ ಸಲ ಕೇಳಿದೆ, ಮೈ ಜುಮ್ ಅಂತು. ಸಬ್‌ಟೈಟಲ್ ಸರಿಯಾಗಿತ್ತು.

ಆದ್ರೆ ಡೀಟ್ರಿಕ್ ಕೋಟು, ಟಾಪ್ ಹ್ಯಾಟ್ ಹಾಕ್ಕೊಂಡು ಬಂದು ಹಾಡೋ ಸೀನ್ ಬಂದಾಗ ಅಮ್ಮ ಮುಖ ಸಿಂಡರಿಸಿದ್ರು. "ಇವಳ ಗಂಟಲು ಹೋದ ಸಲ ಇನ್ನೂ ದಪ್ಪ ಇತ್ತಲ್ವೇನೇ? ಶ್ರುತಿ ಏರಿದೆ ಕಣೇ." ಅಮ್ಮ ಚಿಕ್ಕವಯಸ್ಸಲ್ಲಿ ಎಂಟು ವರ್ಷ ಸಂಗೀತ ಕಲಿತೋರು, ಈಗ್ಲೂ ತಂಬೂರಿ ಆ್ಯಪ್ ಹಾಕ್ಕೊಂಡು ಬೆಳಿಗ್ಗೆ ಹಾಡ್ಕೋತಾರೆ, ಕಿವಿ ಸುಳ್ಳು ಹೇಳಲ್ಲ. ನಾನು ಇಲ್ಲ ಬಿಡಮ್ಮ ಅಂದೆ. ಆಮೇಲೆ ಡಿಸ್ಕ್ ಮುಗಿದಾಗ ಟೈಮ್ ನೋಡಿದೆ, 88 ನಿಮಿಷ. ಸಿನಿಮಾ ಇರೋದು 92 ನಿಮಿಷ. ನಾಲ್ಕು ನಿಮಿಷ ಎಲ್ಲಿ ಹೋಯ್ತು, ಸೀನ್ ಕಟ್ ಮಾಡಿದಾರಾ ಅಂತ ಭಯ ಆಯ್ತು.

ಕಟ್ ಮಾಡಿರ್ಲಿಲ್ಲ. ಸಿನಿಮಾ ಓಡೋದು ಸೆಕೆಂಡಿಗೆ 24 ಫ್ರೇಮು. ಯೂರೋಪಿನ ಟಿವಿ, ಡಿವಿಡಿಗಳ ಪಾಲ್ ಅನ್ನೋ ಸಿಸ್ಟಮ್ಮು ಓಡೋದು 25ರಲ್ಲಿ. ಸುಲಭದ ದಾರಿ ಅಂತ ಸಿನಿಮಾನೇ ಸ್ವಲ್ಪ ಜೋರಾಗಿ ಓಡಿಸಿಬಿಡ್ತಾರೆ, ನೂರಕ್ಕೆ ನಾಲ್ಕರಷ್ಟು. ನಡಿಗೆ, ಮಾತು, ತಮಟೆ ಎಲ್ಲ ಒಂಚೂರು ಅವಸರ, ಮತ್ತೆ ಶಬ್ದವನ್ನ ಬೇರೆಯಾಗಿ ಸರಿ ಮಾಡದೆ ಬಿಟ್ರೆ ಶ್ರುತೀನೂ ಏರುತ್ತೆ, ಲೆಕ್ಕ ಹಾಕಿದ್ರೆ ಅರ್ಧ ಮನೆಗೆ (ಹಾರ್ಮೋನಿಯಂನಲ್ಲಿ ಪಕ್ಕದ ಕೀಗೆ) ಹತ್ರ ಬರುತ್ತೆ. ಆಕ್ಷನ್ ಸಿನಿಮಾಲಿ ಇದು ಗೊತ್ತೂ ಆಗಲ್ಲ. ಡೀಟ್ರಿಕ್ ಹಾಡಲ್ಲಿ ಗೊತ್ತಾಗುತ್ತೆ, ಯಾಕಂದ್ರೆ ಆ ಹೆಂಗಸಿನ ದೊಡ್ಡ ಆಸ್ತಿ ಅಂದ್ರೆ ಆ ಕೆಳಗಿನ ಸ್ಥಾಯಿ, ಅರ್ಧ ಮಾತು ಅರ್ಧ ಹಾಡು ಅನ್ನೋ ಥರ ಎಳೆಯೋದು. ಅವಸರ ಮಾಡಿದ್ರೆ ಆ ಧೈರ್ಯ ಹೋಗಿ ಬೇರೆ ಯಾರೋ ಹಾಡುಗಾರ್ತಿ ಆಗಿಬಿಡ್ತಾಳೆ. ಆ ಸೀನಲ್ಲಿ ಅವಳು ಹಾಡು ಮುಗಿಸಿ ಪ್ರೇಕ್ಷಕರ ಮಧ್ಯೆ ಕೂತ ಒಬ್ಬ ಹೆಂಗಸಿನ ಹತ್ರ ಹೂ ಇಸ್ಕೊಂಡು, ಬಗ್ಗಿ ಅವಳ ತುಟಿಗೆ ಮುತ್ತು ಕೊಟ್ಟು, ಆ ಹೂವನ್ನ ಸಿಪಾಯಿ ಕಡೆ ಎಸೀತಾಳೆ. 1930ರಲ್ಲಿ! ಅದರಲ್ಲಿರೋ ಬಿಗಿ ಎಲ್ಲ ಅವಳು ತಗೊಳೋ ಟೈಮಲ್ಲಿದೆ, ನಿಧಾನದಲ್ಲಿದೆ. ಆ ನಿಧಾನಾನೇ ಕದ್ರೆ ಹೇಗೆ.

ಗೆಳತಿ ಹತ್ರ ಅಮೆರಿಕದ ಹಳೇ ಡಿವಿಡಿ ಸೆಟ್ ಇತ್ತು, 2006ರದ್ದು, ಎರಡು ಡಿಸ್ಕಲ್ಲಿ ಡೀಟ್ರಿಕ್‌ದು ಐದು ಸಿನಿಮಾ. ಒಂದು ವಾರಕ್ಕೆ ಇಸ್ಕೊಂಡು ಬಂದೆ. ಸ್ಪೀಡು ಸರಿ, ಶ್ರುತಿ ಸರಿ, ಅಮ್ಮನಿಗೂ ಸಮಾಧಾನ. ಚಿತ್ರ ಸ್ವಲ್ಪ ಮಬ್ಬು, ನೆರಳಿನ ಒಳಗೆ ಏನಿದೆ ಅಂತ ಕಾಣಲ್ಲ, ಅಷ್ಟೇ. ರೀಜನ್ 1 ಡಿಸ್ಕು (ರೀಜನ್ ಅಂದ್ರೆ ಯಾವ ದೇಶಗಳ ಪ್ಲೇಯರಲ್ಲಿ ಓಡ್ಬೇಕು ಅಂತ ಡಿಸ್ಕಿಗೆ ಹಾಕೋ ಬೀಗ), ನಮ್ಮ ದೇಶದ್ದು 5, ಆದ್ರೆ ನಮ್ಮ ಪ್ಲೇಯರಲ್ಲಿ ರಿಮೋಟಿಂದ ಒಂದು ಕೋಡ್ ಒತ್ತಿದ್ರೆ ಡಿವಿಡಿ ರೀಜನ್ ಬಿಚ್ಕೊಳ್ಳುತ್ತೆ, ತೊಂದ್ರೆ ಆಗ್ಲಿಲ್ಲ. ನಂಗೆ ಮೋಸ ಆಗಿದ್ದು ಇದರಿಂದಲೇ. ಡಿವಿಡಿ ಓಡಿತಲ್ಲ, ಬ್ಲೂರೇನೂ ಓಡುತ್ತೆ ಅಂತ ನಂಬಿಬಿಟ್ಟೆ.

ಬಾಕ್ಸ್ ಅಮೆರಿಕದ ಒಂದು ಹೆಸರಾಂತ ಕಂಪನೀದು, 2018ರಲ್ಲಿ ಬಂದಿದ್ದು. ಸ್ಟರ್ನ್‌ಬರ್ಗ್, ಡೀಟ್ರಿಕ್ ಇಬ್ರೂ ಸೇರಿ ಹಾಲಿವುಡ್ಡಲ್ಲಿ 1930ರಿಂದ 1935ರ ತನಕ ಮಾಡಿದ ಆರೂ ಸಿನಿಮಾ, ಜೊತೆಗೊಂದು ದಪ್ಪ ಪುಸ್ತಕ. ಮೊರಾಕ್ಕೊ ಒಂದೇ ಬಿಡಿಯಾಗಿ ಕೊಡ್ತಾರಾ ಅಂತ ಹುಡುಕಿದೆ, ನಂಗೆ ಸಿಗ್ಲಿಲ್ಲ. ಸುಮಾರು 125 ಡಾಲರ್, ಅಂದ್ರೆ ನಮ್ಮ ಲೆಕ್ಕದಲ್ಲಿ ಹತ್ತು ಸಾವಿರ ದಾಟ್ತು. ಪೋಸ್ಟಲ್ಲಿ ತರಿಸಿದ್ರೆ ಸಾಗಾಣಿಕೆ, ಕಸ್ಟಮ್ಸು ಬೇರೆ. ತಮ್ಮ ನ್ಯೂಜೆರ್ಸಿಲಿ ಇದಾನೆ, ಡಿಸೆಂಬರಲ್ಲಿ ಊರಿಗೆ ಬರೋನಿದ್ದ, ಅವನ ಸೂಟ್‌ಕೇಸಲ್ಲಿ ಬಂತು. ಮನೇಲಿ ಬ್ಲೂರೇ ಪ್ಲೇಯರ್ ಮೊದಲೇ ಇತ್ತು, ನಾನೇ ಅಂಗಡೀಲಿ ಕೇಳಿ ತಗೊಂಡಿದ್ದೆ, "ಯಾವ ಡಿಸ್ಕ್ ಹಾಕಿದ್ರೂ ಓಡುತ್ತೆ ಮೇಡಂ" ಅಂದಿದ್ರು.

ಶನಿವಾರ ರಾತ್ರಿ. ಊಟ ಬೇಗ ಮುಗಿಸಿದ್ವಿ, ಅಮ್ಮ ಹೊದಿಕೆ ತಗೊಂಡು ಬಂದು ಕೂತ್ರು, ತಮ್ಮ ಕೂಡ ಕೂತ. ಡಿಸ್ಕ್ ಹಾಕ್ದೆ. ಒಂದು ನಿಮಿಷ ಸುತ್ತಿ ಪರದೆ ಮೇಲೆ ಬಂದಿದ್ದು ಈ ಡಿಸ್ಕು ನಿಮ್ಮ ರೀಜನ್ನಿಗಲ್ಲ ಅನ್ನೋ ಅರ್ಥದ ಒಂದು ಸಾಲು. ತೆಗೆದು ಒರೆಸಿ ಹಾಕ್ದೆ, ಅದೇ. ಎರಡನೇ ಡಿಸ್ಕು, ಅದೇ. ಆರೂ ಹಾಕಿ ನೋಡಿದ್ವಿ, ಆರಕ್ಕೂ ಅದೇ ಸಾಲು. ಅಮ್ಮ ಎದ್ದು ಒಳಗೆ ಹೋಗಿ ಹೊದಿಕೆ ಮಡಿಚಿಟ್ರು, ಏನೂ ಅನ್ಲಿಲ್ಲ, ಅದು ನಂಗೆ ಇನ್ನೂ ಕಷ್ಟ ಆಯ್ತು.

ವಿಷಯ ಏನಂದ್ರೆ, ಬ್ಲೂರೇಗೆ ಪ್ರಪಂಚಾನ ಮೂರು ಭಾಗ ಮಾಡಿದಾರೆ. ಅಮೆರಿಕ, ಜಪಾನ್ ಎಲ್ಲ ಎ. ಯೂರೋಪ್, ಆಸ್ಟ್ರೇಲಿಯಾ ಬಿ. ಭಾರತ, ಚೀನಾ, ರಷ್ಯಾ ಸಿ. ನಮ್ಮಲ್ಲಿ ಮಾರೋ ಪ್ಲೇಯರ್ ಸಿ, ನನ್ನ ಬಾಕ್ಸು ಎ. ರೀಜನ್ ಹಾಕದೇ ಇರೋ ಬ್ಲೂರೇ ಡಿಸ್ಕೂ ಬೇಕಾದಷ್ಟಿವೆ, ಅವು ಎಲ್ಲಿ ಬೇಕಾದ್ರೂ ಓಡ್ತವೆ, ನಾನು ಅಲ್ಲಿ ತನಕ ತಗೊಂಡಿದ್ದೆಲ್ಲ ಅಂಥವೇ ಇದ್ದಿರಬೇಕು. ಮುಖ್ಯವಾದ ವಿಷಯ, ಇದನ್ನ ಯಾರೂ ನಂಗೆ ಹೇಳಿರ್ಲಿಲ್ಲ: ಪ್ಲೇಯರ್ ಒಳಗೆ ಡಿವಿಡಿ ರೀಜನ್ ಬೇರೆ, ಬ್ಲೂರೇ ರೀಜನ್ ಬೇರೆ. ಒಂದನ್ನ ರಿಮೋಟಲ್ಲಿ ಬಿಚ್ಚಿದ್ರೆ ಇನ್ನೊಂದು ಬಿಚ್ಕೊಳಲ್ಲ. ಅಂಗಡಿಗೆ ವಾಪಸ್ ಹೋದೆ, ಅವರು ಡಿಸ್ಕ್ ಡೂಪ್ಲಿಕೇಟ್ ಇರ್ಬೇಕು ಅಂದ್ರು. ನಂಗೆ ಅಳುನೇ ಬಂತು. ಕಂಪನಿಗೆ ಫೋನ್ ಮಾಡಿದೆ, ಸಾಫ್ಟ್‌ವೇರ್ ಅಪ್ಡೇಟ್ ಮಾಡಿ ಅಂದ್ರು, ಮಾಡಿದೆ, ಏನೂ ಆಗ್ಲಿಲ್ಲ, ಆಗೋದೂ ಇಲ್ಲ, ಅದು ಅಪ್ಡೇಟಿಂದ ಹೋಗೋ ವಿಷಯಾನೇ ಅಲ್ಲ.

ಆಮೇಲೆ ಕಂಪ್ಯೂಟರ್ ದಾರಿ. ಹೊರಗಿಂದ ಹಾಕೋ ಬ್ಲೂರೇ ಡ್ರೈವ್ ಒಂದನ್ನ ಸಹೋದ್ಯೋಗಿ ಹತ್ರ ಇಸ್ಕೊಂಡೆ. ವಿಂಡೋಸ್ ತಾನಾಗೇ ಬ್ಲೂರೇ ಸಿನಿಮಾ ಓಡಿಸಲ್ಲ, ಅದಕ್ಕೆ ದುಡ್ಡು ಕೊಟ್ಟು ಬೇರೆ ಸಾಫ್ಟ್‌ವೇರ್ ತಗೋಬೇಕು, ಅದರಲ್ಲಿ ರೀಜನ್ ಬದಲಾಯಿಸೋಕೆ ಬಿಡ್ತಾರೆ, ಅದೂ ಇಷ್ಟು ಸಲ ಮಾತ್ರ ಅಂತ ಲೆಕ್ಕ. ಟ್ರಯಲ್ ಹಾಕ್ಕೊಂಡು ನೋಡಿದೆ, ಓಡಿತು. ಆದ್ರೆ ಲ್ಯಾಪ್‌ಟಾಪ್ ಫ್ಯಾನು ಮಿಕ್ಸಿ ಥರ ಸದ್ದು ಮಾಡುತ್ತೆ, ಯಾವ ಗಾಳಿ ಶಬ್ದಕ್ಕೋಸ್ಕರ ನಾನು ಇಷ್ಟೆಲ್ಲ ಮಾಡ್ತಾ ಇದೀನೋ ಆ ಗಾಳೀನೇ ಕೇಳಿಸಲ್ಲ. ಐದು ನಿಮಿಷ ನೋಡಿ ನಿಲ್ಸಿದೆ.

ಬೆಂಗಳೂರಿನ ಎಸ್‌ಪಿ ರೋಡಲ್ಲಿ, ಎಲೆಕ್ಟ್ರಾನಿಕ್ಸ್ ಅಂಗಡಿಗಳ ಬೀದೀಲಿ, ಒಂದು ದಿನ ಪೂರ್ತಿ ತಿರುಗಿದೆ. ಎಲ್ಲಾ ರೀಜನ್ ಓಡಿಸೋ ಹಾಗೆ ಮಾಡಿಸಿದ ಬ್ಲೂರೇ ಪ್ಲೇಯರ್ ಬೇಕು ಅಂದ್ರೆ ಅರ್ಧ ಜನ ಬ್ಲೂರೇ ಈಗ ಯಾರು ನೋಡ್ತಾರೆ ಅಂದ್ರು. ಒಬ್ರು ತರಿಸಿಕೊಡ್ತೀನಿ ಅಂದ್ರು, ಅವರು ಹೇಳಿದ ರೇಟಲ್ಲಿ ಇನ್ನೂ ಎರಡು ಬಾಕ್ಸ್ ಬರ್ತಿತ್ತು.

ಕೊನೆಗೆ ಪರಿಹಾರ ಸಿಕ್ಕಿದ್ದು ತಮ್ಮನಿಂದಾನೇ. "ಅಕ್ಕಾ, ನನ್ನ ಹಳೇ ಪ್ಲೇಯರ್ ಇಲ್ಲಿ ಡಬ್ಬದಲ್ಲಿ ಸುಮ್ನೆ ಬಿದ್ದಿದೆ, ಕಳಿಸ್ಲಾ?" ಅಂದ. ಅದು ಅಮೆರಿಕದ್ದು, ಹುಟ್ಟಿದ್ದೇ ರೀಜನ್ ಎ. ಅವನ ಫ್ರೆಂಡ್ ಒಬ್ರು ಮಾರ್ಚ್ ಮೊದಲನೇ ವಾರ ಬರೋರಿದ್ರು, ಅವರ ಕೈಲಿ ಬಂತು. ಪ್ಲಗ್ ಮಾಡೋ ಮುಂಚೆ ಹಿಂದೆ ತಿರುಗಿಸಿ ನೋಡಿದ್ದು ಪುಣ್ಯ, 120 ವೋಲ್ಟ್ ಅಂತ ಬರೆದಿತ್ತು. ನಮ್ಮದು 230. ಹಾಗೇ ಹಾಕಿದ್ರೆ ಅಲ್ಲೇ ಸುಟ್ಟು ಹೋಗ್ತಿತ್ತು. ನೀವು ಯಾರಾದ್ರೂ ಹೀಗೆ ತರಿಸಿದ್ರೆ ದಯವಿಟ್ಟು ಆ ಚೀಟಿ ಓದಿ, 100 ರಿಂದ 240 ಅಂತ ಇದ್ರೆ ಪ್ಲಗ್ ಬದಲಾಯಿಸಿದ್ರೆ ಸಾಕು, ಬರೀ 120 ಅಂತಿದ್ರೆ ಸ್ಟೆಪ್ ಡೌನ್ ಟ್ರಾನ್ಸ್‌ಫಾರ್ಮರ್ ಬೇಕೇ ಬೇಕು. 1,400 ರೂಪಾಯಿ ಕೊಟ್ಟು ಒಂದು ತಗೊಂಡೆ, ಇಟ್ಟಿಗೆಯಷ್ಟು ಭಾರ ಇದೆ. ಈಗ ನಮ್ಮ ಟಿವಿ ಕೆಳಗೆ ಎರಡು ಪ್ಲೇಯರು, ಒಂದು ಸಿ, ಒಂದು ಎ. ಅಮೆರಿಕದ ಪ್ಲೇಯರಿಗೆ ಯೂರೋಪಿನ ಪಾಲ್ ಡಿವಿಡಿ ಕೊಟ್ರೆ ಮೂಸಿನೂ ನೋಡಲ್ಲ, ಹಾಗಾಗಿ ಹಳೇದನ್ನ ತೆಗೆದು ಹಾಕೋ ಹಾಗೂ ಇಲ್ಲ.

ಆ ರಾತ್ರಿ ಅಂತೂ ನೋಡಿದ್ವಿ.

ಚೌಕ ಫ್ರೇಮಿನ ಎರಡೂ ಪಕ್ಕ ಕಪ್ಪು, ಟಿವಿಯ ಮೂರನೇ ಒಂದು ಭಾಗ ಖಾಲಿನೇ. ಅಮ್ಮ ಯಾಕೆ ಹೀಗೆ ಅಂದ್ರು, ಹತ್ತು ನಿಮಿಷಕ್ಕೆ ಮರೆತ್ರು. ಮೊದಲ ಹಡಗಿನ ಸೀನಲ್ಲಿ ಮಂಜು ಅಂದ್ರೆ ಮಂಜೇ, ಚೌಕ ತುಂಡಲ್ಲ. ಏಮಿ ಪೆಟ್ಟಿಗೆ ಬಿಚ್ಚಿ ಬೀಳುತ್ತೆ, ಲಾ ಬೆಸಿಯೇರ್ ಎತ್ತಿಕೊಡೋಕೆ ಬರ್ತಾನೆ, ನಂಗೆ ಸಹಾಯ ಬೇಡ ಅಂತಾಳೆ. ಆ ಒಂದು ಸಾಲಿಗೆ ಸ್ಟರ್ನ್‌ಬರ್ಗ್ ಎಷ್ಟೆಷ್ಟೋ ಟೇಕ್ ತಗೊಂಡ, ಜರ್ಮನಿಯಿಂದ ಆಗಷ್ಟೇ ಬಂದಿದ್ದ ಡೀಟ್ರಿಕ್‌ಗೆ 'ಹೆಲ್ಪ್' ಅನ್ನೋ ಪದ ನಾಲಿಗೆಗೆ ಕೂರ್ತಾ ಇರ್ಲಿಲ್ಲ ಅಂತ ಕಥೆ ಇದೆ. ಹಿಂದಿನ ಕಾಪಿಗಳಲ್ಲಿ ಆ ಪದ ಕೇಳಿಸ್ತಾನೇ ಇರ್ಲಿಲ್ಲ ನಂಗೆ, ಇದರಲ್ಲಿ ಕೇಳಿಸ್ತು, ಎಷ್ಟು ಹುಷಾರಾಗಿ ಹೇಳ್ತಾಳೆ ಅನ್ನೋದೂ ಕೇಳಿಸ್ತು.

ಬ್ಲೂರೇಲಿ ಮಾತ್ರ ನಾನು ಕಂಡಿದ್ದು ಇನ್ನೊಂದಿದೆ. ಟಾಮ್ ಬ್ರೌನ್ ಅವಳ ಮೇಕಪ್ ಕನ್ನಡಿ ಮೇಲೆ ಲಿಪ್‌ಸ್ಟಿಕ್ಕಲ್ಲಿ ಮನಸ್ಸು ಬದಲಾಯಿಸಿದೆ ಅಂತ ಬರೆದು ಹೋಗ್ತಾನೆ. ಡಿವಿಡೀಲಿ ಅಕ್ಷರ ಓದೋಕೆ ಆಗುತ್ತೆ ಅಷ್ಟೇ. ಇದರಲ್ಲಿ ಆ ಅಕ್ಷರದ ದಪ್ಪ, ಕೈ ಒತ್ತಿ ಬರೆದಿರೋದು ಕಾಣುತ್ತೆ. ಹಾಗೇ ಔತಣದ ಸೀನು: ದೂರದಲ್ಲಿ ತಮಟೆ ಕೇಳಿಸುತ್ತೆ, ಏಮಿ ಎದ್ದು ಓಡ್ತಾಳೆ, ಮುತ್ತಿನ ಸರ ಕಿತ್ತು ಮುತ್ತೆಲ್ಲ ನೆಲಕ್ಕೆ ಉದುರುತ್ತೆ. ತಮಟೆ ಎಷ್ಟು ಸಣ್ಣದಾಗಿ ಶುರುವಾಗುತ್ತೆ ಅಂದ್ರೆ ಅವಳಿಗೆ ಕೇಳಿಸಿದ ಮೇಲೇ ನಮಗೆ ಕೇಳಿಸೋದು. ಆ ಶಬ್ದಾನ ಹಾಗೆ ಇಟ್ಟಿದ್ದಾರೆ ಅಂತ ಗೊತ್ತಾಗೋಕೆ ನಂಗೆ ನಾಲ್ಕು ವರ್ಷ, ಮೂರು ಕಾಪಿ ಬೇಕಾಯ್ತು. ಹಳೇ ಟ್ರ್ಯಾಕಿನ ಸುಯ್ ಅನ್ನೋದು ಇದರಲ್ಲೂ ಇದೆ, ತೊಳೆದು ಬಿಳಿ ಮಾಡಿಲ್ಲ, ಅದೇ ಒಳ್ಳೇದಾಯ್ತು.

ಕೊನೇ ಸೀನಲ್ಲಿ ಗಾಳಿ ಬಂತು. ಅಮ್ಮ ಅಷ್ಟು ಹೊತ್ತು ಸುಮ್ನಿದ್ದೋರು, "ಮೇಕೆ ಹಗ್ಗ ಹಿಡ್ಕೊಂಡ್ಲು ನೋಡು, ಇನ್ನು ವಾಪಸ್ ಬರಲ್ಲ ಅವಳು" ಅಂದ್ರು. ಆ ಹಗ್ಗ ನಾನು ಅಲ್ಲಿ ತನಕ ಗಮನಿಸೇ ಇರ್ಲಿಲ್ಲ, ದೂರದಲ್ಲಿ ಸಣ್ಣದಾಗಿ ಕಾಣೋ ವಿಷಯ, ಬಿಟ್ಟಿ ಕಾಪೀಲಿ ಅದೆಲ್ಲ ಬರೀ ಬೂದು ಚುಕ್ಕಿ.

ಎಕ್ಸ್‌ಟ್ರಾಗಳಲ್ಲಿ ನಂಗೆ ಹಿಡಿಸಿದ್ದು ರೇಡಿಯೋ ನಾಟಕ. 1936ರ ಜೂನ್ 1ರಂದು ಅಮೆರಿಕದ ರೇಡಿಯೋದಲ್ಲಿ ಇದೇ ಕಥೆ ಮಾಡಿದ್ದು, ಡೀಟ್ರಿಕ್ ಜೊತೆ ಸಿಪಾಯಿಯಾಗಿ ಕ್ಲಾರ್ಕ್ ಗೇಬಲ್. ಅಮ್ಮ ಕಣ್ಣು ಮುಚ್ಕೊಂಡು ಆಕಾಶವಾಣಿ ನಾಟಕ ಕೇಳೋ ಹಾಗೆ ಪೂರ್ತಿ ಕೇಳಿದ್ರು. ಗೇಬಲ್ ಚೆನ್ನಾಗಿ ಮಾಡ್ತಾನೆ, ಆದ್ರೆ ಮಾತಾಡದೆ ನಿಲ್ಲೋ ಕೂಪರ್ ರೇಡಿಯೋಲಿ ಸಿಗಲ್ಲ.

ಸ್ಟ್ರೀಮಿಂಗ್ ಯಾಕೆ ಹೇಳ್ಲಿಲ್ಲ ಅಂದ್ರೆ, ನನ್ನ ಹತ್ರ ಇರೋ ಅಕೌಂಟುಗಳಲ್ಲಿ ನಾನು ಹುಡುಕಿದಾಗೆಲ್ಲ ಇದು ಸಿಗ್ಲೇ ಇಲ್ಲ.

ಯಾರಿಗೆ ಯಾವುದು ಅಂತ ಕೇಳಿದ್ರೆ ನಾನು ಹೇಳೋದು ನನ್ನ ಅಭ್ಯಾಸ ನೋಡಿ. ನಾವು ಒಂದು ಸಿನಿಮಾ ಇಷ್ಟ ಆದ್ರೆ ಹತ್ತು ಸಲ ನೋಡೋರು, ರಾತ್ರಿ ಎಲ್ಲ ಮಲಗಿದ ಮೇಲೆ ವಾಲ್ಯೂಮ್ ಕಮ್ಮಿ ಇಟ್ಕೊಂಡು ನೋಡೋರು, ಹೊರಗೆ ಥಿಯೇಟರಿಗೆ ಹೋಗೋದು ವರ್ಷಕ್ಕೆ ಒಂದೆರಡು ಸಲ. ಹತ್ತು ಸಾವಿರ ನಂಗೂ ಚಿಕ್ಕ ದುಡ್ಡಲ್ಲ, ಆ ವರ್ಷ ದಸರಾಗೆ ಸೀರೆ ತಗೊಳ್ಲಿಲ್ಲ. ಆದ್ರೆ ಆರು ಸಿನಿಮಾಕ್ಕೆ ಹಂಚಿದ್ರೆ ಒಂದಕ್ಕೆ ಸಾವಿರದ ಏಳುನೂರು, ಟ್ರಾನ್ಸ್‌ಫಾರ್ಮರ್ ಸೇರಿಸಿದ್ರೆ ಎರಡು ಸಾವಿರದ ಒಳಗೆ. ನಂಗೆ ಪಶ್ಚಾತ್ತಾಪ ಇಲ್ಲ. ಅಷ್ಟು ಆಗಲ್ಲ ಅನ್ನೋರು ಅಮೆರಿಕದ ಹಳೇ ಡಿವಿಡಿ ಸೆಟ್ ಸೆಕೆಂಡ್ ಹ್ಯಾಂಡಲ್ಲಿ ಹುಡುಕಿ, ಯೂರೋಪಿನ ಪಾಲ್ ಡಿಸ್ಕಿಗಿಂತ ಚಿತ್ರದ ಸ್ಪಷ್ಟತೆ ಲೆಕ್ಕಕ್ಕೆ ಕಮ್ಮಿ, ಕಿವಿಗೆ ಮಾತ್ರ ಅದೇ ಸರಿ. ಒಂದೇ ಒಂದು ಸಲ ಕಥೆ ಏನು ಅಂತ ನೋಡೋರಿಗೆ ಬಿಟ್ಟಿ ಕಾಪಿ ಸಾಕು, ಆದ್ರೆ ಹಾಕೋ ಮುಂಚೆ ಕೊನೇ ಎರಡು ನಿಮಿಷಕ್ಕೆ ಹೋಗಿ ಕಣ್ಣು ಮುಚ್ಕೊಂಡು ಗಾಳಿ ಇದೆಯಾ ಅಂತ ಕೇಳಿ, ಇಲ್ಲದಿದ್ರೆ ಬೇರೆ ಕಾಪಿ ಹುಡುಕಿ.

ಯೂರೋಪಿನ ಡಿವಿಡಿ ಯಾರಿಗಾದ್ರೂ ಬೇಕಿದ್ರೆ ಹೇಳಿ, ಮೈಸೂರಲ್ಲಿ ಇದ್ರೆ ಬಂದು ತಗೊಂಡು ಹೋಗಬಹುದು, ದುಡ್ಡು ಬೇಡ. ಈ ಶನಿವಾರ ಬಾಕ್ಸಿನ ಮೂರನೇ ಸಿನಿಮಾ, ರೈಲಿನದ್ದು, ಅಮ್ಮ ಆಗಲೇ ಹೊದಿಕೆ ತೆಗೆದಿಟ್ಟಿದಾರೆ.